ಇನ್ನೊಂಚೂರಕ್ಕನ ಎದೆಬಡಿತ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯ ತಗಡಿನ ಮಾಡಿನ ಊಟದ ಮನೆಯಲ್ಲಿ ಆಕೆ ಒಬ್ಬರೇ ಕೂತು ಉಣ್ಣುತ್ತಿದ್ದಾರೆ, ಹಸಿವಿಗಲ್ಲ. ಅನ್ನ, ಬೇಳೆ, ಸೊಪ್ಪು ಎಂದು ಪ್ರತಿ ಪಾತ್ರೆಯಿಂದ ಒಂದೊಂದು ತುತ್ತು ಬಾಯಿಗಿಟ್ಟು, ಗಂಟಲು ಸವರಿಕೊಂಡು, ಮೈಗೆ ಏನಾದರೂ ಆಗುತ್ತದೋ ಎಂದು ಕಾದು ನೋಡುತ್ತಾರೆ. ನಿಮಗೆ ಒಗ್ಗಿದ್ದು ಎಲ್ಲರಿಗೂ ಒಗ್ಗಬೇಕೆಂದೇನಿಲ್ಲವಲ್ಲ ಎಂದು, ಅವರ ಬಗ್ಗೆ ಬರೆಯಲು ಬಂದ ನಾನು ಕೇಳುತ್ತೇನೆ. "ಗೊತ್ತು ಕಣಪ್ಪ. ಆದ್ರೂ ತಿಂದು ನೋಡದೆ ಬಡಿಸೋಕೆ ಕೈ ಬರಲ್ಲ," ಎನ್ನುತ್ತಾರೆ.

ಓಣಿಯವರ ಬಾಯಲ್ಲಿ ಇವರು ಇನ್ನೊಂಚೂರಕ್ಕ. ಉಂಡವರು ಏಳುವ ಮುಂಚೆ "ಇನ್ನೊಂಚೂರು" ಎಂದು ಸೌಟು ಬಗ್ಗಿಸುತ್ತಿದ್ದುದರಿಂದ ಬಂದ ಹೆಸರು. ದೊಡ್ಡ ಹೋಟೆಲಿನ ದರ ಕೇಳಿ ಬೆಚ್ಚಿದ ಪರದೇಶದ ಪ್ರವಾಸಿಗಳು, ಊರಿನವರು ಮನೆಯಲ್ಲಿ ಉಣ್ಣುವುದನ್ನೇ ಉಣ್ಣಬೇಕೆಂದು ಬಾಯಿಮಾತಿನ ಜಾಡು ಹಿಡಿದು ಇಲ್ಲಿಗೆ ಬರುತ್ತಾರೆ. ಬೆನ್ನಿನ ಚೀಲ ಇಳಿಸಿ, ಉದ್ದ ಕಾಲುಗಳನ್ನು ಗಿಡ್ಡ ಬೆಂಚಿನಡಿ ಹೇಗೋ ತುರುಕಿ, ಬೆರಳು ತೋರಿಸಿ ಹಾಕಿಸಿಕೊಳ್ಳುತ್ತಾರೆ. ಹೊಟ್ಟೆಗೆ ಯಾವ ಭಾಷೆ ಎಂದು ಅಕ್ಕ ತಮಾಷೆ ಮಾಡುತ್ತಿದ್ದರಂತೆ. ಈಗ ಮಾಡುವುದಿಲ್ಲ.

ಎರಡು ವರ್ಷದ ಹಿಂದೆ ಅಂಥ ಪ್ರವಾಸಿಗಳಲ್ಲಿ ಒಬ್ಬ ಬಡಕಲು ಹುಡುಗ ಬಂದಿದ್ದ. ಕಡಲೆಕಾಯಿ ಪುಡಿಯ ಬಟ್ಟಲು ತಂದರೆ ಎರಡೂ ಕೈ ಅಡ್ಡ ಹಿಡಿದ. ಅಕ್ಕ ನಕ್ಕು, ಅನ್ನದ ಮಧ್ಯೆ ಗುಂಡಿ ಮಾಡಿ ಒಂದು ಚಮಚ ಪುಡಿ ಹಾಕಿ ಮುಚ್ಚಿದರು. "ಬೇಡ ಅಂದೋರಿಗೆ ಬಡಿಸೋದೇ ನಮ್ಮ ಮನೆ ಮರ್ಯಾದೆ. ಸಂಕೋಚ ಅಂದ್ಕೊಂಡೆ. ಅವನ ತುಟಿ ಊದ್ಕೊಂಡ್ತು, ಉಸಿರೆಳೆದ್ರೆ ಕೀರಲು ಸದ್ದು ಬಂತು. ನನ್ನ ಕೈ ನೋಡ್ಕೊಳ್ಳೋಕೇ ನನಗೆ ಭಯ ಆಯ್ತು." ಕಡಲೆಕಾಯಿ ಮೈಗೆ ಒಗ್ಗದ ಹುಡುಗ ಆಸ್ಪತ್ರೆಯಲ್ಲಿ ಬದುಕಿಕೊಂಡ. ಯಾರೂ ಬಂದು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚುತ್ತದೆ ಎನ್ನುತ್ತಾರೆ. ಅಂಗಡಿ ಮುಚ್ಚಿಬಿಡೋಣ ಎಂದು ಗಂಡ ಹೇಳಿ ನೋಡಿದರು. ಅಕ್ಕನಿಗೆ ಅಡುಗೆ ಬಿಟ್ಟು ಬೇರೇನೂ ಬಾರದು, ಅಡುಗೆಯೆಂದರೆ ಹೆದರಿಕೆ. ಅತ್ತ ದರಿ, ಇತ್ತ ಪುಲಿ.

ನಾನು ಕೂತಿರುವಾಗಲೇ ಪರದೇಶದ ತಾಯಿಯೊಬ್ಬಳು ಪುಟ್ಟ ಮಗಳನ್ನು ಕರೆದುಕೊಂಡು ಒಳಗೆ ಬರುತ್ತಾಳೆ. ಇಬ್ಬರೂ ಹಸಿದು ಬಾಡಿದ್ದಾರೆ. ಅಕ್ಕನ ಗಂಡ ತಟ್ಟೆ ಹಾಕಿ ಬಡಿಸಿಯಾಗಿದೆ. ಆಗ ತಾಯಿ ಪುಡಿಯ ಬಟ್ಟಲು ಕಂಡು, ಮಗಳತ್ತ ಬೆರಳು ತೋರಿಸಿ, ತನ್ನ ಕುತ್ತಿಗೆ ಹಿಡಿದುಕೊಳ್ಳುತ್ತಾಳೆ. ಅಕ್ಕ ಗಂಡನ ಕಡೆ ತಿರುಗುತ್ತಾರೆ. ಪುಡಿ ತೆಗೆದ ಸೌಟನ್ನೇ ಬೇಳೆಗೂ ಹಾಕಿದಿರಾ ಎಂದು ಕೇಳುತ್ತಾರೆ.

"ತೊಳೆದಿದ್ದೆ ಅನ್ಸುತ್ತೆ."

"ಅನ್ಸಿದ್ರೆ ಆಗಲ್ಲ ರೀ."

ಮಗುವಿನ ತುತ್ತು ಬಾಯಿಯ ಹತ್ತಿರ ಬಂದಿದೆ. ಅಕ್ಕ ಓಡಿಹೋಗಿ ಕೈ ಹಿಡಿದು ತಟ್ಟೆಯನ್ನು ಕಿತ್ತುಕೊಳ್ಳುತ್ತಾರೆ. ಮಗು ಬಿಕ್ಕಿ ಅಳುತ್ತದೆ. ತಟ್ಟೆಯಲ್ಲಿ ಪುಡಿ ಕಾಣದ ತಾಯಿ, ಪರವಾಗಿಲ್ಲ ಕೊಡಿ ಎಂಬಂತೆ ಕೈಚಾಚುತ್ತಾಳೆ. ಉಣ್ಣುವ ಮಗುವಿನ ಕೈ ಹಿಡಿಯುವುದೇ ಎಂದು ಬೆಂಚಿನ ಮೇಲಿದ್ದವರು ಗೊಣಗುತ್ತಾರೆ. ಅಕ್ಕ ಜಗ್ಗುವುದಿಲ್ಲ. ಮನೆಯಿಂದ ಬೇರೆ ಪಾತ್ರೆ, ಬೇರೆ ಸೌಟು ತಂದು, ಕೈಯನ್ನು ಮೊಣಕೈವರೆಗೆ ಉಜ್ಜಿ ತೊಳೆದು, ಮೊದಲಿನಿಂದ ಅನ್ನ ಬೇಳೆಗೆ ಇಡುತ್ತಾರೆ.

ಮಗು ಉಣ್ಣುವಷ್ಟು ಹೊತ್ತೂ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಅದರ ತುಟಿಯನ್ನೇ ನೋಡುತ್ತಾರೆ. ಉಂಡಾದ ಮೇಲೂ ಏಳಲು ಬಿಡದೆ ಕೂರಿಸಿಕೊಳ್ಳುತ್ತಾರೆ. ಕೊನೆಗೆ ತಾಯಿ ಮಗಳು ಕೈ ಬೀಸಿ ಹೊರಡುತ್ತಾರೆ. ಅವರು ಓಣಿಯ ತಿರುವು ದಾಟುವವರೆಗೆ ಅಕ್ಕ ಹೊಸ್ತಿಲು ಬಿಟ್ಟು ಕದಲುವುದಿಲ್ಲ.

ಊಟ ರುಚಿಯಾಗಿತ್ತೇ ಎಂದು ಅವರನ್ನು ಕೇಳಬಹುದಿತ್ತಲ್ಲ ಎನ್ನುತ್ತೇನೆ.

"ರುಚಿ ಗಿಚಿ ಆಮೇಲೆ," ಎನ್ನುತ್ತಾರೆ ಅಕ್ಕ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನನ್ನ ಕೈಯಲ್ಲಿ ಉಂಡೋರು ಎದ್ದು, ಅವರ ಕಾಲ ಮೇಲೆ ಅವರು ನಡ್ಕೊಂಡು ಹೋದ್ರೆ ಸಾಕು."