ಗಾಜಿನ ಬಾಗಿಲ ಹಿಂದೆ ಮೂರು ಕೂಗು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೋರ್ಟ್ ಹಾಲಿನ ಬೆಂಚುಗಳನ್ನು ಒರೆಸಿ ಮುಗಿಸಿದ ಜವಾನರೊಬ್ಬರು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಖಾಲಿ ಹಾಲಿನಲ್ಲಿ ಯಾವುದೋ ಹೆಸರನ್ನು ಕೂಗುತ್ತಾರೆ. ಗೋಡೆ ಅದುರುವಂಥ ಕಂಠ. ಇದು ನನಗಾಗಿ ನಡೆದ ಪ್ರದರ್ಶನವೋ ಎಂದು ನನ್ನ ಅನುಮಾನ. ನನ್ನಂಥ ಪತ್ರಿಕೆಯವರ ಮುಂದೆ ಎಲ್ಲರ ಗಂಟಲೂ ಗಟ್ಟಿಯೇ.

ಜನ ಇವರನ್ನು ಕರೆಯುವುದು ಕೂಗಣ್ಣ ಎಂದು. ದಿನಕ್ಕೆ ಎಂಬತ್ತು ತೊಂಬತ್ತು ಹೆಸರು, ಒಂದೊಂದೂ ಮೂರು ಸಲ. ಮೂರನೆಯದಕ್ಕೂ ಉತ್ತರ ಬರದಿದ್ದರೆ ಗೈರುಹಾಜರಿ ಎಂದು ತೀರ್ಮಾನ. ಹೋದ ತಿಂಗಳು ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಕೋರ್ಟಿನ ಅಂಗಳದ ನಲ್ಲಿಯ ಹತ್ತಿರ ನಿಂತಿರುವಾಗಲೇ ಅವಳ ಮನೆ ಖಾಲಿ ಮಾಡಿಸುವ ಆದೇಶ ಆಗಿಹೋಯಿತು. ಕೂಗಣ್ಣ ಬೇಕೆಂದೇ ಮೆತ್ತಗೆ ಕೂಗಿದರು, ಮನೆ ಮಾಲೀಕ ಅವರ ಕೈ ಬೆಚ್ಚಗೆ ಮಾಡಿದ್ದಾನೆ ಎಂದು ದೂರು ಬಂತು. ಟೀ ಅಂಗಡಿಯವನಂತೂ ಕಣ್ಣು ಮಿಟುಕಿಸುತ್ತಾನೆ: "ಬೆಂಕಿ ಇಲ್ದೆ ಹೊಗೆ ಆಡುತ್ತಾ ಸಾರ್?"

"ಕೂಗಿದೀನಿ ಸಾರ್," ಎನ್ನುತ್ತಾರೆ ಕೂಗಣ್ಣ. "ಕೂಗು ಎಲ್ಲಿಗೆ ಹೋಯ್ತು ಅಂತ ಆ ಬಾಗಿಲನ್ನೇ ಕೇಳಿ."

ಎ.ಸಿ. ಬಂದ ಮೇಲೆ ಆಡಳಿತದವರು ಹಾಕಿಸಿದ ದಪ್ಪ ಗಾಜಿನ ಬಾಗಿಲು ಅದು. ವಕೀಲರಿಲ್ಲದ ಜನ ಒಳಗೆ ಕಾಲಿಡಲು ಹೆದರಿ ಅಂಗಳದಲ್ಲೇ ಕಾಯುತ್ತಾರೆ. ಬಾಗಿಲು ತೆರೆದು ಕೂಗಿದರೆ ತಂಪೆಲ್ಲ ಆಚೆ ಹೋಗುತ್ತದೆಂದು ಗುಮಾಸ್ತರು ಗದರುತ್ತಾರೆ. ಮೂರು ಸಲ ಕೂಗಬೇಕೆಂದು ನಿಯಮದಲ್ಲಿದೆ; ಕೇಳಿಸಬೇಕೆಂದು ಎಲ್ಲೂ ಇಲ್ಲ.

ನನಗೆ ಇದೂ ನಂಬಿಕೆಯಾಗುವುದಿಲ್ಲ. ಕಲಾಪ ಶುರುವಾದಾಗ ನಲ್ಲಿಯ ಪಕ್ಕ ಹೋಗಿ ನಿಲ್ಲುತ್ತೇನೆ. ಗಾಜಿನಾಚೆ ಕೂಗಣ್ಣನ ಕತ್ತಿನ ನರ ಉಬ್ಬುತ್ತದೆ, ಬಾಯಿ ಮೂರು ಸಲ ತೆರೆಯುತ್ತದೆ. ನನಗೆ ಕೇಳಿಸುವುದು ನಲ್ಲಿ ತೊಟ್ಟಿಕ್ಕುವ ಸದ್ದು ಮಾತ್ರ. ನಾಚಿಕೆಯಾಗುತ್ತದೆ. ಆದರೂ ಹುಟ್ಟುಗುಣ ಬಿಡುವುದಿಲ್ಲ. ಅನುಮಾನ ಈಗ ಬೇರೆ ಕಡೆ ತಿರುಗುತ್ತದೆ. ಇಷ್ಟು ದಿನ ಇದು ಒಳಗಿನ ಯಾರಿಗೂ ಗೊತ್ತಾಗಲಿಲ್ಲವೇ?

ನಾಳೆ ಇದೇ ಹಾಲಿನಲ್ಲಿ ಆ ದೂರಿನ ಬಗ್ಗೆ ಕೂಗಣ್ಣನ ಮೇಲೆಯೇ ವಿಚಾರಣೆ. ಬೇರೊಬ್ಬ ಜವಾನ ಇವರ ಹೆಸರು ಕೂಗುತ್ತಾನೆ. ಓಗೊಡದಿದ್ದರೆ ಕೆಲಸಕ್ಕೇ ಸಂಚಕಾರ. ಮುಂದಿನ ಬೆಂಚಿನಲ್ಲಿ ಕೂತುಬಿಡಿ ಎಂದು ಹೆಂಡತಿ ಅಂಗಲಾಚುತ್ತಿದ್ದಾರೆ.

"ಇಲ್ಲ ಸಾರ್, ನಾನು ನಲ್ಲಿ ಹತ್ರಾನೇ ನಿಲ್ತೀನಿ. ಆ ಹೊಲಿಗೆ ಅಮ್ಮನೂ ಬರ್ತೀನಿ ಅಂದಿದಾರೆ. ಅವನು ಗಂಟಲು ಹರ್ಕೊಂಡು ಕೂಗ್ಲಿ. ನಮ್ಮಿಬ್ಬರಲ್ಲಿ ಒಬ್ಬರಿಗೆ ಕೇಳಿಸಿದ್ರೂ, ತಪ್ಪು ನಂದೇ ಅಂತ ಬರ್ಕೊಳ್ಳಿ."