ಪೊಲೀಸರ ಮುಂದೆ ನಾನು ಏಮಾರಿದ್ದು

ಸ್ನೇಹಿತರೇ, ಇವತ್ತು ಇಲ್ಲಿ ಅಮೆರಿಕದ ನಮ್ಮೂರು ಐಸೆಲಿನ್‌ನಲ್ಲಿ ಪೊಲೀಸರು ನಮ್ಮಂಥ ಹಿರಿಯರನ್ನು ಕೂರಿಸಿಕೊಂಡು ಫೋನಿನ ಮೋಸಗಳ ಬಗ್ಗೆ ಎಚ್ಚರಿಸುತ್ತಿದ್ದರು. "ನನ್ನನ್ನು ಯಾವನೂ ಏಮಾರಿಸಲಾರ" ಎಂದು ಎದ್ದು ನಿಂತೆ.

"ನಿಮ್ಮನ್ನು ನೋಡಿದರೆ ಐವತ್ತು ದಾಟಿಲ್ಲ ಅನ್ನಿಸುತ್ತೆ, ಸರ್" ಎಂದ ಆಫೀಸರ್. ಉಬ್ಬಿಹೋಗಿ ಹುಟ್ಟಿದ ತಾರೀಖು, ಇಸವಿ ಎಲ್ಲ ಒದರಿಬಿಟ್ಟೆ. "ಕಳ್ಳನಿಗೆ ಬೇಕಾಗಿದ್ದು ಇದೇ" ಎಂದು ಆತ ನಕ್ಕ.

"ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದದ್ದು, ಅಸಲಿಯಲ್ಲ" ಎಂದೆ.

"ಬ್ಯಾಂಕಿನಲ್ಲಿ ಇರೋದೂ ಅದೇ ಅಲ್ವೇನ್ರೀ?" ಎಂದಳು ಹೆಂಡತಿ. ಸಭೆಯೆಲ್ಲ ನಕ್ಕಿತು.

ನಗು ನಿಂತ ಮೇಲೆ, ಹಿಂದೆ ಕೂತಿದ್ದ ಶಾರದಮ್ಮ ಮೆಲ್ಲಗೆ ಕೈಯೆತ್ತಿದರು. "ಹೋದ ತಿಂಗಳು ನಾನೂ ಮೋಸಹೋದೆ. ನಾಚಿಕೆಯಾಗಿ ಮಗನಿಗೂ ಹೇಳಿಲ್ಲ." ಆಫೀಸರ್ ಅವರ ಪಕ್ಕದಲ್ಲೇ ಕೂತು ದೂರು ಬರೆದುಕೊಂಡ.

ಅವರಿಗೆ ಧೈರ್ಯ ಬರಲೆಂದೇ ನಾನು ಬೇಕಂತ ಏಮಾರಿದ್ದು. ಹೆಂಡತಿ ಮಾತ್ರ ಇದನ್ನು ನಂಬುತ್ತಿಲ್ಲ.