ಮುಖ ತೋರಿಸದವರ ಹಣ್ಣು

ಸಾಮಿಸೋನಿಯ ಮೊಮ್ಮಗಳು, ಫುಸಿಯ ಮಗಳು, ನನ್ನ ಅತ್ತಿಗೆ ಲೋಸೆಲಿ. ನಮ್ಮ ಟೋಂಗಾ ದ್ವೀಪಗಳಲ್ಲಿ ಸಾಮಿಸೋನಿಯ ಹೆಸರೆತ್ತಿದರೆ ಇವತ್ತಿಗೂ ಮುದುಕರು ಕೂತಲ್ಲೇ ನೆಟ್ಟಗಾಗುತ್ತಾರೆ. ಬಿರುಗಾಳಿ ಊರನ್ನೇ ಗುಡಿಸಿಕೊಂಡು ಹೋದ ವರ್ಷ ಪಕ್ಕದ ದ್ವೀಪದವರು ಒಂದು ದೋಣಿ ಗೆಣಸು ತಂದುಕೊಟ್ಟಿದ್ದರು. ಮರುವರ್ಷ ಸಾಮಿಸೋನಿ ತನ್ನ ಮನೆಗೆ ಮಾಡು ಹೊದಿಸುವ ಮೊದಲೇ ಅದರ ಎರಡರಷ್ಟು ಗೆಣಸು ತುಂಬಿಕೊಂಡು, ತಾನೇ ಹುಟ್ಟು ಹಾಕುತ್ತ ಹೋಗಿ ಇಳಿಸಿ ಬಂದ. ಫುಸಿ ಅಪ್ಪನಿಗಿಂತ ಒಂದು ಕೈ ಮೇಲು. ಹೆರಿಗೆ ಮಾಡಿಸಿದ ಸೂಲಗಿತ್ತಿಗೆಂದು ಚಾಪೆ ನೇಯಲು ಕೂತಳು. ಎಳೆ ಎಷ್ಟು ಸಣ್ಣವೆಂದರೆ, ಚಾಪೆ ಮುಗಿಯುವಷ್ಟರಲ್ಲಿ ಹುಟ್ಟಿದ ಕೂಸು ಅಂಗಳದಲ್ಲಿ ಕೋಳಿ ಅಟ್ಟುತ್ತಿತ್ತು. ಆ ಕೂಸೇ ಲೋಸೆಲಿ.

ಇಂಥ ಬೇರಿನಿಂದ ಬಂದವಳಿಗೆ ಬಿಟ್ಟಿ ಸಿಕ್ಕಿದ್ದೆಂದರೆ ಹದ್ದಿನ ನೆರಳು ಕಂಡ ಕೋಳಿಯಂತಾಗುವುದು ಸಹಜ. ಅವಳ ಮಗ ಫೆಲೆಟಿಗೆ ಆಕ್ಲೆಂಡಿನಲ್ಲಿ ಒಂದು ಚರ್ಚಿನ ಮಾಡು ರಿಪೇರಿ ಮಾಡುವ ಕೆಲಸ ಸಿಕ್ಕಿತು. ಕೆಲಸ ಮುಗಿಯುವವರೆಗೆ ಇರೋಣವೆಂದು ಅತ್ತಿಗೆ, ಫೆಲೆಟಿಯ ಮಗಳು ಲೂಪೆ, ನಾನು, ಮೂವರೂ ಅವನ ಹಿಂದೆ ಹೊರಟೆವು. ಆ ಪರವೂರಿನಲ್ಲಿ ನಮಗೆ ಸುಖಕ್ಕೆ ಕಡಿಮೆ ಇರಲಿಲ್ಲ. ಸಂಜೆ ನೀರಿನ ದಂಡೆಗೆ ಹೋಗಿ ಬಿಸಿಬಿಸಿ ಆಲೂಗಡ್ಡೆ ಕರಿದದ್ದನ್ನು ಕಾಗದದ ಪೊಟ್ಟಣದಿಂದಲೇ ಎತ್ತಿ ತಿನ್ನುವುದು. ಶನಿವಾರದ ಸಂತೆಯಲ್ಲಿ ಏನೂ ಕೊಳ್ಳದೆ ಎಲ್ಲವನ್ನೂ ಮುಟ್ಟಿ ನೋಡುವುದು. ಈಜುಕೊಳದ ಬೆಚ್ಚಗಿನ ನೀರಿನಲ್ಲಿ ಕುತ್ತಿಗೆವರೆಗೆ ಇಳಿದು ಕೂರುವುದು.

ಅತ್ತಿಗೆ ಮಾತ್ರ ಕೊಳಕ್ಕೆ ಪಾದ ಬಿಟ್ಟು ಮೊಣಕಾಲು ಇಳಿಸಲಿಲ್ಲ. "ಇಷ್ಟು ನೀರು ಕಾಯ್ಸಿ ನಮ್ಮನ್ನ ಒಳಗೆ ಕರೀತಾರೆ ಅಂದ್ರೆ ಏನೋ ಬೇಯ್ಸೋ ಹಂಚಿಕೆ ಇದೆ ಮೈದುನಾ. ಮೊದ್ಲು ನೀನು ಇಳಿ. ನಿನ್ನ ಚರ್ಮ ಗಟ್ಟಿ, ನಿಧಾನಕ್ಕೆ ಬೇಯ್ತದೆ," ಎಂದಳು. ಬಸ್ಸಿನಿಂದ ಇಳಿಯುವವರೆಲ್ಲ ಚಾಲಕನಿಗೆ ಥ್ಯಾಂಕ್ಸ್ ಹೇಳುವುದನ್ನು ಕಂಡು, "ಇವ್ರೆಲ್ಲ ಒಂದೇ ಮನೆಯವ್ರು, ನಾವೊಬ್ರೇ ಹೊರಗಿನವ್ರು," ಎಂದು ಚೀಲವನ್ನು ಎದೆಗೆ ಅವುಚಿಕೊಂಡಳು.

ಇಂಥವಳನ್ನೂ ಒಂದು ಹಣ್ಣು ಗೆದ್ದಿತು.

ನಮ್ಮ ಗೇಟಿಗೂ ಪಕ್ಕದ ಗೇಟಿಗೂ ನಡುವೆ ಒಂದು ದಪ್ಪ ಮರದ ಕಂಬ. ಒಂದು ಬೆಳಿಗ್ಗೆ ಅದರ ಬುಡದಲ್ಲಿ ಒಂದು ರಟ್ಟಿನ ಪೆಟ್ಟಿಗೆ, ತುಂಬ ಹಸಿರು ಹಣ್ಣು. ಅಲ್ಲಿಯವರು ಫೀಜೋವಾ ಅನ್ನುತ್ತಾರೆ. ನೋಡಲು ಸೀಬೆಯ ತಮ್ಮನಂತಿರುತ್ತದೆ. ನಮ್ಮೂರಲ್ಲಿ ಗೇಟಿನ ಬಳಿ ಇಟ್ಟದ್ದು ಆ ಮನೆಗೆ ಬಂದದ್ದು, ಪಾತ್ರೆ ಸಮೇತ. ಲೂಪೆ ಪೆಟ್ಟಿಗೆಯನ್ನೇ ಒಳಗೆ ತಂದಳು. ಹಿತ್ತಲ ಮೆಟ್ಟಿಲ ಮೇಲೆ ಎಳೆಬಿಸಿಲಿಗೆ ಬೆನ್ನು ಕೊಟ್ಟು, ಹಣ್ಣು ಸೀಳಿ, ಚಮಚದಲ್ಲಿ ತಿರುಳು ಕೆರೆದು ತಿಂದೆವು. ಅತ್ತಿಗೆ ಸಿಪ್ಪೆಯನ್ನೂ ಬಿಡಲಿಲ್ಲ. ಮತ್ತೆ ಪೆಟ್ಟಿಗೆ ಬಂತು, ಮತ್ತೆ ತಂದೆವು. ಬೆಳಗಿನ ಆ ಮೆಟ್ಟಿಲೇ ನಮಗೆ ಆ ಊರಿನ ಸಿಂಹಾಸನವಾಯಿತು.

ಹಾಗೆ ಸುಮಾರು ಪೆಟ್ಟಿಗೆ ಖಾಲಿಯಾದ ಮೇಲೆ ಒಂದು ದಿನ ಅತ್ತಿಗೆಯ ಚಮಚ ಬಾಯ ಹತ್ತಿರ ನಿಂತಿತು.

"ಕೊಡೋನು ಮುಖ ಯಾಕೆ ತೋರ್ಸಲ್ಲ?"

"ನಾಚಿಕೆ ಇರ್ಬೋದು ಅತ್ತಿಗೆ."

"ಕೊಡೋಕೆಂಥ ನಾಚಿಕೆ? ಕೇಳೋಕೆ ನಾಚಿಕೆ ಇರ್ತದೆ. ಇವ್ನಿಗೆ ನಮ್ಮಿಂದ ಏನೋ ಬೇಕು." ಅವಳ ಕಣ್ಣು ಹದಿನೇಳರ ಲೂಪೆಯ ಮೇಲೆ ಹೋಗಿ ಕೂತಿತು.

"ಅಜ್ಜೀ! ಪೆಟ್ಟಿಗೆ ಹಣ್ಣಿಗೆ ನನ್ನ ಮಾರ್ತೀಯಾ?"

"ನಾನು ಮಾರಲ್ಲ. ತಿಂದ್ಬಿಟ್ಟಿದ್ದೀವಲ್ಲ, ಮಾರಿ ಆಗಿದ್ಯೋ ಏನೋ!"

ಅಂದಿನಿಂದ ಹಣ್ಣು ಬಂದ್. ಹೊರಗೇ ಬಿಟ್ಟರೆ ಕೊಟ್ಟವನಿಗೆ ಅವಮಾನ, ತಿಂದರೆ ಋಣವೆಂದು, ಬಂದ ಪೆಟ್ಟಿಗೆಗಳನ್ನು ಹೊರಗೂ ಬಿಡಲಿಲ್ಲ, ತಿನ್ನಲೂ ಬಿಡಲಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ ಪೇರಿಸಿಟ್ಟಳು. ಮನೆಯೆಲ್ಲ ಘಮಘಮ, ಬಾಯಿ ಮಾತ್ರ ಒಣ. ಫೆಲೆಟಿಯ ಕೆಲಸ ಮುಗಿಯುತ್ತ ಬಂದಿತ್ತು. "ಕೊಟ್ಟೋನು ಯಾರು ಅಂತ ಗೊತ್ತಾಗ್ದೆ ವಿಮಾನ ಹತ್ತಿದ್ರೆ, ಸಾಮಿಸೋನಿ ಮೊಮ್ಮಗಳು ಹೊಟ್ಟೇಲಿ ಋಣ ಹೊತ್ಕೊಂಡು ಊರಿಗೆ ಬಂದ ಹಾಗೆ. ನಾನು ಯಾವ ಮುಖ ಇಟ್ಕೊಂಡು ನಮ್ಮ ದ್ವೀಪದಲ್ಲಿ ದೋಣಿಯಿಂದ ಇಳೀಲಿ?" ಎಂದು ಅವಳು ಕೊರಗಿದಳು. ನಗುವ ಮಾತಾಗಿರಲಿಲ್ಲ ಅದು. ಊಟ ಸೇರದೆ ಅವಳ ಕೆನ್ನೆ ಇಳಿದಿತ್ತು.

ಹೊರಡುವುದಕ್ಕೆ ಎರಡು ದಿನ ಇರುವಾಗ, ಬೆಳಕು ಹರಿಯುತ್ತಲೇ ಪರದೆಯ ಮರೆಯಲ್ಲಿ ಕೂತಳು. ಪಕ್ಕದ ಮನೆಯ ಬಿಳಿಯ ಮುದುಕ ಡಗ್ಲಸ್ ಪೆಟ್ಟಿಗೆ ಹೊತ್ತು ಬಂದ. ಆಚೆ ನೋಡಿದ, ಈಚೆ ನೋಡಿದ, ಕಂಬದ ಬುಡದಲ್ಲಿ ಇಟ್ಟ. ಹಿಂದಕ್ಕೆ ಹೋಗದೆ ತನ್ನ ಪೊದೆಯ ಹಿಂದೆ ಬಗ್ಗಿ ಕೂತ.

"ನೋಡ್ದ್ಯಾ, ಹೊಂಚು ಹಾಕ್ತಾನೆ!" ಎಂದವಳೇ ಅತ್ತಿಗೆ ಬಾಗಿಲು ತೆರೆದು ನುಗ್ಗಿದಳು. "ಸಿಕ್ದ್ಯಾ! ಏನು ಬೇಕು ನಿಂಗೆ ನಮ್ಮಿಂದ?"

ಮುದುಕ ಪೊದೆಯಿಂದ ಎದ್ದ. ಇಂಗ್ಲಿಷ್ ಬಲ್ಲ ಲೂಪೆ ನಡುವೆ ನಿಂತು ಎರಡೂ ಕಡೆಯ ಮಾತು ದಾಟಿಸಿದಳು.

"ಓಹೋ, ಪೆಟ್ಟಿಗೆ ಕಳ್ರು ನೀವೇನಾ? ನಾಲ್ಕು ಹಣ್ಣು ತಗೊಂಡು ಹೋಗೋದು ಬಿಟ್ಟು ಪೆಟ್ಟಿಗೇನೇ ಹೊತ್ಕೊಂಡು ಹೋಗೋರು ಯಾರು ಅಂತ ನಾನೂ ಕಾಯ್ತಾ ಇದ್ದೆ."

ಮರ ಅವನದು. ತಿಂದು ಮುಗಿಯದಷ್ಟು ಉದುರುತ್ತದೆ. ಬೀದಿಯಲ್ಲಿ ಹೋಗಿಬರುವವರಿಗೆಂದು ಇಡುತ್ತಾನೆ. ಎಲ್ಲರೂ ಎರಡೋ ಮೂರೋ ಎತ್ತಿಕೊಂಡು ಪೆಟ್ಟಿಗೆ ಬಿಟ್ಟುಹೋಗುತ್ತಾರೆ. ಈ ಸಲ ಖಾಲಿ ಕಂಬ ನೋಡಿದ ಬೀದಿಯವರು ಮುದುಕನಿಗೆ ಜಿಪುಣತನ ಹತ್ತಿತೆಂದು ಅವನನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದರಂತೆ.

ಅತ್ತಿಗೆ ಕಂಬ ಹಿಡಿದುಕೊಂಡಳು. "ಅಯ್ಯೋ ದೇವರೇ, ಒಬ್ಬನ ಋಣ ಅಂದ್ಕೊಂಡಿದ್ದೆ. ಇಡೀ ಬೀದಿ ಬಾಯಿಂದ ಕಿತ್ತು ತಿಂದಿದ್ದೀವಿ!"

"ಹೋಗ್ಲಿ ಬಿಡಿ, ಹಣ್ಣು ತಾನೇ," ಎಂದ ಡಗ್ಲಸ್.

"ಬಿಡು ಅನ್ನೋನ ಹತ್ರ ಇನ್ನೂ ಹುಷಾರಾಗಿರ್ಬೇಕು," ಎಂದಳು. ಅದನ್ನು ಲೂಪೆ ದಾಟಿಸಲಿಲ್ಲ.

"ಅಮ್ಮಾ, ನಾಡಿದ್ದು ವಿಮಾನ," ಎಂದ ಗದ್ದಲ ಕೇಳಿ ಹೊರಬಂದ ಫೆಲೆಟಿ.

"ಹಾಗಾದ್ರೆ ನಾಳೆ ಹಂದಿ."

ನಾವಿದ್ದ ಮನೆ ನಮ್ಮೂರಿನವನದೇ. ಹಿತ್ತಲಲ್ಲಿ ನೆಲದ ಒಲೆಯ ಹಳೆಯ ಕುಳಿ ಇತ್ತು. ಕಲ್ಲು ಕಾಯಿಸಿ, ಹಂದಿ, ಕೆಸುವಿನ ಗೆಡ್ಡೆ, ತೆಂಗಿನ ಹಾಲು ಹುಯ್ದು ಕೆಸುವಿನೆಲೆಯಲ್ಲಿ ಕಟ್ಟಿದ ಮಾಂಸದ ಪೊಟ್ಟಣ, ಎಲ್ಲವನ್ನೂ ಇಳಿಸಿ ಮಣ್ಣು ಮುಚ್ಚಿದೆವು. ಹೊಗೆ ಕಂಡು ಬೀದಿಯವರು ಕಿಟಕಿಗೆ ಬಂದರು. ಮಧ್ಯಾಹ್ನ ಅತ್ತಿಗೆ ಮೊದಲು ತಿಂದು ಖಾಲಿ ಮಾಡಿದ್ದ ಅದೇ ಹಣ್ಣಿನ ಪೆಟ್ಟಿಗೆಗಳಿಗೆ ಬಾಳೆಯೆಲೆ ಹಾಸಿ, ತುಂಬಿ, ಒಂದೊಂದೇ ಹೊತ್ತು ಹೊರಟಳು. ಗೇಟಿನ ಬಳಿ ಇಟ್ಟು ಬರಲಿಲ್ಲ. ಬಾಗಿಲು ತಟ್ಟಿ, ಮುಖ ತೋರಿಸಿ, ಲೂಪೆಯ ಕೈಲಿ ಹೇಳಿಸಿ ಕೊಟ್ಟಳು. ಒಬ್ಬಾಕೆ ಪೊಟ್ಟಣ ಮೂಸಿ, "ಯಾವ ಚರ್ಚಿನವರು ನೀವು? ನಾನು ಸೇರಲ್ಲ," ಎಂದಳು. ಅತ್ತಿಗೆಗೆ ಆಕೆ ಬಹಳ ಹಿಡಿಸಿದಳು. "ಬುದ್ಧಿವಂತೆ. ನಮ್ಮೂರಲ್ಲಿ ಹುಟ್ಟಬೇಕಾಗಿತ್ತು," ಎಂದಳು.

ಬೀದಿಯ ಕೊನೆಯ ಏರು ಹತ್ತುವಾಗ ಅವಳಿಗೆ ಏದುಸಿರು ಬಂತು. ಹಂದಿಯ ತೊಡೆ ಇದ್ದ ಪೆಟ್ಟಿಗೆ, ಭಾರ. ನಾನು ಕೈ ಚಾಚಿದೆ, ಕಣ್ಣಲ್ಲೇ ತಳ್ಳಿದಳು. ಆಗ ಡಗ್ಲಸ್ ತೋಟದ ಕೈಗಾಡಿ ತಳ್ಳಿಕೊಂಡು ಓಡೋಡಿ ಬಂದು ಪೆಟ್ಟಿಗೆಗೆ ಕೈ ಹಾಕಿದ.

"ಇದ್ರಲ್ಲಿ ಇಡಮ್ಮಾ, ನಾನು ತಳ್ತೀನಿ."

ಅತ್ತಿಗೆ ಪೆಟ್ಟಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು.

"ಕೈ ತೆಗಿಯಪ್ಪಾ. ಇದನ್ನ ನೀನು ತಳ್ಳಿದ್ರೆ, ಅದನ್ನ ತೀರ್ಸೋಕೆ ನಾನು ಇನ್ನೊಂದು ಹಂದಿ ಸುಡ್ಬೇಕು. ನಂಗೆ ನಾಳೆ ವಿಮಾನ."